ದೀಪಕ್ಕನ ಯಜಮಾನರು

ಹೊನ್ನಾವರದ ಸುತ್ತ ಹೊಸ ಮನೆ ಕಟ್ಟಿಸುವವರು ಕಿಟಕಿಯ ಹಂತಕ್ಕೆ ಬಂದಾಗ ಮೊದಲು ನೆನೆಯುತ್ತಿದ್ದ ಹೆಸರು ಸುದರ್ಶನ ಆಚಾರಿಯದು. ಹೆದ್ದಾರಿಯಿಂದ ಸ್ವಲ್ಪ ಒಳಗೆ, ತೆಂಗಿನ ಮರಗಳ ನಡುವೆ, ತಗಡಿನ ಮಾಡಿನ ದೊಡ್ಡ ಶೆಡ್ಡು ಅವನದು. ಅಲ್ಯೂಮಿನಿಯಂ ಕಿಟಕಿ, ಗಾಜಿನ ಬಾಗಿಲು, ಆಫೀಸುಗಳ ಪಾರ್ಟಿಶನ್, ಅಂಗಡಿಗಳ ಮುಂಭಾಗಕ್ಕೆ ಹೊಡೆಯುವ ಹೊಳೆಯುವ ಶೀಟು, ಎಲ್ಲವನ್ನೂ ಮಾಡುತ್ತಿದ್ದ. ಅವನು ಕೂಡಿಸಿದ ಮೂಲೆಯಲ್ಲಿ ಉಗುರು ತೂರುವಷ್ಟೂ ಸಂದು ಇರುತ್ತಿರಲಿಲ್ಲ. ಹೊಗಳಿದವರಿಗೆ, "ಅದೆಂತ ದೊಡ್ಡ ವಿಷ್ಯ" ಎನ್ನುತ್ತಿದ್ದ. ಹೊಗಳದೆ ಹೋದವರನ್ನು ಮಾತ್ರ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿದ್ದ.

ಹಳೆಯ ಸಾಮಾನನ್ನು ಅವನು ಮುಟ್ಟುತ್ತಿರಲಿಲ್ಲ. ಅದಕ್ಕೆ ಕಾರಣ ಅವನ ಅಪ್ಪ. ಅಪ್ಪ ಬಡಗಿ. ಒಳ್ಳೆಯ ಮರ ಕೊಂಡವರು ಹೊಸ ಕೆಲಸಕ್ಕೆ ಬೇರೆಯವರನ್ನು ಕರೆಯುತ್ತಿದ್ದರು. ಮಂಚದ ಕಾಲು ಮುರಿದಾಗ, ಚೌಕಟ್ಟಿಗೆ ಗೆದ್ದಲು ಹಿಡಿದಾಗ ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಬೇರೆಯವರ ಮನೆಯ ಮುರುಕುಗಳನ್ನು ಸರಿಮಾಡುತ್ತಲೇ ಆ ಮನುಷ್ಯನ ಬದುಕು ಸವೆಯಿತು. ಅದನ್ನು ನೋಡುತ್ತ ಬೆಳೆದ ಸುದರ್ಶನನಿಗೆ 'ರಿಪೇರಿ' ಎನ್ನುವ ಮಾತೇ ಆಗುತ್ತಿರಲಿಲ್ಲ. "ಹೊಸ ಮಾಲಿದ್ರೆ ಹೇಳಿ, ಮಾಡ್ತೆ. ಹಳೇದಕ್ಕೆ ತೇಪೆ ಹಾಕೂದು ನನ್ನ ಕೆಲ್ಸ ಅಲ್ಲ" ಎಂದು ಗಿರಾಕಿಗಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದುಂಟು.

ಅವನ ಹೊಟ್ಟೆಕಿಚ್ಚು ಊರಿಗೇ ಗೊತ್ತಿತ್ತು. ಅದು ಸುರುವಾದದ್ದು ಹುಬ್ಬಳ್ಳಿಯಲ್ಲಿ. ಹುಡುಗನಾಗಿದ್ದಾಗ ಅಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಅವನೂ ಕುಮಟೆಯ ಶ್ರೀಧರನೂ ಒಟ್ಟಿಗೆ ಕೆಲಸ ಕಲಿತರು. ಒಂದೇ ಕೋಣೆ, ಒಂದೇ ಸ್ಟೋವು. ಅಂಚಿಗೆ ಕೂರಿಸುವ ಅಲ್ಯೂಮಿನಿಯಂ ಪಟ್ಟಿಯನ್ನು ಎಲ್ಲರೂ ಮೂಲೆಯಲ್ಲಿ ನೇರಕ್ಕೆ ಕತ್ತರಿಸಿ ಜೋಡಿಸಿದರೆ, ಶ್ರೀಧರ ಮೇಲಿನ ಪಟ್ಟಿಯನ್ನು ಬೆರಳಗಲ ಉದ್ದ ಬಿಟ್ಟು ಕೆಳಗಿನದರ ಮೇಲೆ ಮಡಿಸುತ್ತಿದ್ದ. ಆ ಮಡಿಕೆಯಿಂದಾಗಿ ಮಳೆನೀರು ಸಂದಿಗೆ ಇಳಿಯದೆ ಹೊರಗೇ ಜಾರುತ್ತಿತ್ತು. ಒಂದು ದಿನ ಮಾಲಕ ಎಲ್ಲರೆದುರು ಅದನ್ನು ಎತ್ತಿ ಹಿಡಿದು, "ನೋಡ್ರಿ, ಇದಕ್ಕ ಕೈ ಅಂತಾರ" ಎಂದ. ಪಕ್ಕದಲ್ಲೇ ನಿಂತಿದ್ದ ಸುದರ್ಶನನ ಕೆಲಸವನ್ನು ಅವನು ನೋಡಲೇ ಇಲ್ಲ.

ಆಮೇಲೆ ಇಬ್ಬರೂ ಊರಿಗೆ ಬಂದು ಬೇರೆ ಬೇರೆ ಶೆಡ್ಡು ಹಾಕಿದರು. ಮಾತು ನಿಂತಿತು. ಕುಮಟೆಗೆ ಹೋದಾಗಲೆಲ್ಲ ಶ್ರೀಧರ ಮುಂಭಾಗ ಮಾಡಿಕೊಟ್ಟ ಅಂಗಡಿಗಳೆದುರು ಸುದರ್ಶನ ಬೈಕು ನಿಲ್ಲಿಸಿ ಮೂಲೆಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದ. ಎಲ್ಲಾದರೂ ತಪ್ಪು ಸಿಕ್ಕಿದರೆ ಆ ದಿನ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಸಿಗದಿದ್ದರೆ ಮನೆಗೆ ಬಂದು, "ಹಸಿವಿಲ್ಲ" ಎನ್ನುತ್ತಿದ್ದ. ಅವನ ಹೆಂಡತಿ ದೀಪಾ ಕಾರಣ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ದೀಪಾ ಭಟ್ಕಳದ ಹತ್ತಿರದ ಹೆಬಳೆಯವಳು. ಮದುವೆಯಾದಾಗಿನಿಂದ ಶೆಡ್ಡಿನ ಮೂಲೆಯ ಕ್ಯಾಬಿನ್ನಿನಲ್ಲಿ ಕೂತು ಫೋನು ಎತ್ತುವುದು, ಗಾಜು ತರಿಸುವುದು, ಗಿರಾಕಿಗಳ ಮನೆಗೆ ಹೋಗಿ ಅಳತೆ ತರುವುದು ಅವಳ ಕೆಲಸ. ಆಳು ಬಾರದ ದಿನ ಕತ್ತರಿಸುವ ಮಶಿನ್ನೂ ನಡೆಸುತ್ತಿದ್ದಳು. ಇದನ್ನು ಸುದರ್ಶನ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಆದರೆ ಯಾರಿಗೂ ಹೇಳಬೇಕು ಎಂದು ಅವನಿಗೆ ಹೊಳೆದೂ ಇರಲಿಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆಯ ಸುರುವಿಗೆ, ದೀಪಾ ತವರಿಗೆ ಹೋಗಿದ್ದಳು. ಭಟ್ಕಳದ ಬಂದರಿನ ಕಡೆ ಮೀನು ಇಡುವ ಹಳೆಯ ಶೈತ್ಯಾಗಾರವೊಂದನ್ನು ಕೆಡವುತ್ತಿದ್ದರು. ಅದರ ಗೋಡೆ, ಮಾಡು ಎಲ್ಲವೂ ಪಫ್ ಪ್ಯಾನಲ್ಲಿನವು. ಎರಡು ಬಿಳಿ ತಗಡು, ನಡುವೆ ಗೇಣಿಗೆ ತುಸು ಕಡಿಮೆ ದಪ್ಪದ ಹಳದಿ ಫೋಮು. ಹೊರಗಿನ ಬಿಸಿ ಒಳಗೆ ಬರದಂತೆ ತಡೆಯುವ ಗೋಡೆ ಅದು. ಆಳುಗಳು ಗುಜರಿಗೆಂದು ತಗಡನ್ನು ಕಿತ್ತು, ಫೋಮನ್ನು ರಾಶಿ ಹಾಕಿ ಬೆಂಕಿ ಕೊಡುತ್ತಿದ್ದರು. ದಪ್ಪನೆಯ ಕರಿ ಹೊಗೆ ದೋಣಿಗಳ ಮೇಲೆ ಹಬ್ಬಿತ್ತು. ಗಾಳಿಗೆ ಹಾರಿದ ಚೂರುಗಳು ಅಳಿವೆಯ ನೀರಿನಲ್ಲಿ ಹಳದಿ ಹೂವಿನ ಹಾಗೆ ತೇಲುತ್ತಿದ್ದವು. ಇನ್ನೂ ಕೀಳದ ಪ್ಯಾನಲ್ಲುಗಳ ಮೇಲೆ ದೀಪಾ ಬೆರಳಿನಿಂದ ಬಡಿದು ನೋಡಿದಳು. ಗಟ್ಟಿ ಇದ್ದವು. ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು.

"ಲಾರಿ ಕಳಿಸ್ತ್ರಾ? ಇಡೀ ಇಡೀ ಪ್ಯಾನಲ್ಲು ಹಾಳ್ ಮಾಡ್ತಿದ್ರು ಇಲ್ಲಿ."

"ಮೀನಿನ ಕೋಣೆ ಪ್ಯಾನಲ್ಲಾ? ಎಂತ ಮಾಡ್ತೆ ಅದ್ನ ತಂದು?"

"ಸುಡೂದಕ್ಕಿಂತ ಚಲೋ ಅಲ್ದಾ? ಹೊಸದಕ್ಕೆ ನಾವು ಗುಜರಾತಿಂದ ತರ್ಸ್ತು."

"ನನ್ನ ಶೆಡ್ಡೊಳಗೆ ಗುಜರಿ ಬರೂದು ಬೇಡ" ಎಂದು ಸುದರ್ಶನ ಫೋನಿಟ್ಟ.

ಶೈತ್ಯಾಗಾರದ ಮಾಲಕರಾದ ಸಾಹೇಬರಿಗೆ ಜಾಗ ಬೇಗ ಖಾಲಿಯಾದರೆ ಸಾಕಿತ್ತು. "ತಗಡಿಗೆ ಗುಜರಿಯವ ಎಂತ ಕೊಡ್ತಾನೋ ಅದನ್ನೇ ಕೊಡಿ ಬೆಹನ್, ಬಿಚ್ಚಿ ತಕ್ಕೊಂಡು ಹೋಗಿ" ಎಂದರು. ದೀಪಾ ಅಣ್ಣನ ಪರಿಚಯದ ಲಾರಿ ಹಿಡಿದು, ಆಳುಗಳ ಜೊತೆ ತಾನೂ ನಿಂತು, ತಗಡು ನೆಗ್ಗದಂತೆ ಒಂದೊಂದೇ ಬಿಚ್ಚಿಸಿ ತಂದಳು. ಶೆಡ್ಡಿನ ಹಿಂದೆ ಪ್ಯಾನಲ್ಲು ಇಳಿಯುತ್ತಿದ್ದಂತೆ ಬಂಗಡೆಯ ವಾಸನೆ ಅಂಗಳವಿಡೀ ಹರಡಿತು. ಸುದರ್ಶನ ಮೂಗಿಗೆ ಟವೆಲು ಹಿಡಿದು ಓಡಾಡಿದ. ದೀಪಾ ಅಂಟುವಾಳದ ನೊರೆಯಲ್ಲಿ ತಿಕ್ಕಿ, ಲಿಂಬೆಹಣ್ಣು ಸವರಿ, ಬಿಸಿಲಿಗೆ ಒರಗಿಸಿದಳು. ವಾಸನೆ ಹೋಗುವವರೆಗೂ ಬಿಡಲಿಲ್ಲ.

ಮೊದಲು ಕಟ್ಟಿದ್ದು ತನ್ನ ಕ್ಯಾಬಿನ್ನನ್ನೇ. ತಗಡಿನ ಮಾಡಿನ ಕೆಳಗೆ ಏಪ್ರಿಲಿನಲ್ಲಿ ಅಲ್ಲಿ ಕೂತರೆ ತಲೆ ಸುತ್ತುತ್ತಿತ್ತು. ನಾಲ್ಕು ಕಡೆಗೂ ಮೇಲಕ್ಕೂ ಪ್ಯಾನಲ್ಲು ನಿಲ್ಲಿಸಿದ ಮೇಲೆ ಕ್ಯಾಬಿನ್ನು ಮಣ್ಣಿನ ಗಡಿಗೆಯ ಒಳಗಿನಂತೆ ತಂಪಾಯಿತು. ಸುದರ್ಶನನ ಕಿಟಕಿ ನೋಡಲು ಬಂದು ಅಳತೆ ಬರೆಸಲು ಒಳಗೆ ಹೋದವರು ಏಳುವುದನ್ನೇ ಮರೆತರು.

"ಎಸಿ ಹಾಕ್ಸಿದ್ರಾ ಆಚಾರ್ರೆ?"

"ಇಲ್ಲ."

"ಮತ್ತೆ ಇಷ್ಟು ತಂಪು ಹೆಂಗೆ?"

ಒಳಗಿನಿಂದ ದೀಪಾ ಹೇಳತೊಡಗುವಳು. ಹೊರಗೆ ಸುದರ್ಶನ ಹೊಸ ಕಿಟಕಿಯೊಂದನ್ನು ಎತ್ತಿ ನಿಲ್ಲಿಸಿಕೊಂಡು ಕಾಯುವನು. ಅವರು ಹೊರಗೆ ಬಂದವರೇ, "ನಮ್ಮನೆ ಟೆರೇಸಿಗೂ ಹೀಂಗೆ ಒಂದು ಕೋಣೆ ಆಗ್ತದ್ಯಾ?" ಎಂದು ಕೇಳುವರು. ಅವನನ್ನಲ್ಲ, ಅವಳನ್ನು. ಕಿಟಕಿ ಅವನ ಕೈಯಲ್ಲೇ ಉಳಿಯುತ್ತಿತ್ತು.

ದೀಪಾ ಹೊನ್ನಾವರದಲ್ಲಿ ಒಂದು ಟೆರೇಸ್ ಕೋಣೆ ಮಾಡಿದಳು, ಕುಮಟೆಯಲ್ಲಿ ಒಂದು. ಕುಮಟೆಯಲ್ಲಿ ಕಾಲೇಜು ಓದುತ್ತಿದ್ದ ಮಗಳು ಸ್ಮೃತಿ, ಅಮ್ಮ ಡ್ರಿಲ್ ಹಿಡಿದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಸುದರ್ಶನ ಅದನ್ನು ತೆರೆದು ನೋಡಿದ, ಮುಚ್ಚಿದ, ಮತ್ತೆ ತೆರೆದ. ಆ ಡ್ರಿಲ್ ಅವನದು. ತನ್ನ ಫೋಟೋ ಮಗಳು ಎಂದಾದರೂ ಹಾಕಿದ್ದಳೇ ಎಂದು ನೆನಪು ಮಾಡಿಕೊಂಡ. ಹುಟ್ಟುಹಬ್ಬದ ದಿನ ಹಾಕಿದ್ದಳು, ಕೇಕಿನ ಜೊತೆ.

ಆಮೇಲೆ ಹೆಬಳೆಯ ಅಂಗನವಾಡಿಯ ಕೆಲಸ ಬಂತು. ಅಲ್ಲಿಯ ಕಾರ್ಯಕರ್ತೆ ನಾಗಮ್ಮ ದೀಪಾಳ ತವರುಮನೆಯ ನೆರೆಯವರು. ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿತ್ತು. ತಗಡು ಹೊದೆಸಿದ ಕೋಣೆಯಲ್ಲಿ ಬೇಸಿಗೆಗೆ ಮಕ್ಕಳು ಬೆವರಿ ಅಳುತ್ತಿದ್ದವು. ಊರವರು ಸೇರಿ ಏನಾದರೂ ಮಾಡಬೇಕೆಂದಾಗ ಅಕ್ಕೋರು ದೀಪಾಳ ಹೆಸರು ಹೇಳಿದರು. ದೀಪಾ ಒಪ್ಪಿದಳು. ಒಲೆ ಇರುವ ಅಡಿಗೆಯನ್ನು ಮಾತ್ರ ಹಳೆಯ ಚಿರೆಕಲ್ಲಿನ ಕೋಣೆಯಲ್ಲೇ ಬಿಡಬೇಕು, ಫೋಮಿಗೆ ಬೆಂಕಿಯ ಸಹವಾಸ ಆಗದು ಎಂದು ಮೊದಲೇ ಹೇಳಿದಳು.

ಕೆಲಸ ಸುರುವಾದ ಮೇಲೆ ಒಂದು ತೊಡಕು ಬಂತು. ಶೈತ್ಯಾಗಾರದ ಗೋಡೆಗೆ ಕಿಟಕಿ ಇರುವುದಿಲ್ಲ. ಅಂಗನವಾಡಿಗೆ ಬೇಕು. ಕಿಟಕಿಗಾಗಿ ಪ್ಯಾನಲ್ಲನ್ನು ಕತ್ತರಿಸಿದರೆ ಅಂಚಿನಲ್ಲಿ ಫೋಮು ತೆರೆದುಕೊಳ್ಳುತ್ತದೆ. ಒಂದು ಸಂಜೆ ಊಟಕ್ಕೆ ಮೊದಲು ದೀಪಾ ಗಂಡನ ಹತ್ತಿರ ಬಂದಳು.

"ಕತ್ರಿಸಿದ ಅಂಚು ಹೆಂಗೆ ಮುಚ್ಚೂದು? ಸಿಲಿಕೋನು ಹಾಕಿದ್ರೆ ಸಾಕಾ?"

ಸುದರ್ಶನ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಿನ್ನ ಕೆಲ್ಸ. ನೀನೇ ನೋಡ್ಕೊ."

"ಆತು" ಎಂದು ಅವಳು ಒಳಗೆ ಹೋದಳು.

ಮೇ ತಿಂಗಳ ಕೊನೆಗೆ ಅಂಗನವಾಡಿಯ ಉದ್ಘಾಟನೆ ಆಯಿತು. ಸುದರ್ಶನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಬಾಗಿಲಲ್ಲೇ ಯಾರೋ ಕೈಹಿಡಿದು, "ಬನ್ನಿ ಬನ್ನಿ, ಇವ್ರು ದೀಪಕ್ಕನ ಯಜಮಾನ್ರು" ಎಂದು ಪಕ್ಕದವರಿಗೆ ಪರಿಚಯ ಮಾಡಿದರು. ಹೊನ್ನಾವರದಿಂದ ಇಲ್ಲಿಯವರೆಗೆ ಅರ್ಧ ಮನೆಗಳಲ್ಲಿ ತನ್ನ ಕಿಟಕಿ ಇದೆ ಎಂದು ಹೇಳಬೇಕೆನಿಸಿತು ಅವನಿಗೆ. ಅಷ್ಟರಲ್ಲಿ ಕೂರಲು ಎರಡನೇ ಸಾಲಿನಲ್ಲಿ ಜಾಗ ಕೊಟ್ಟರು.

ಕುಮಟೆಯಿಂದ ಬಂದಿದ್ದ ಅರ್ಚಿತಾ ಎಂಬ ಇಂಜಿನಿಯರ್ ಎರಡು ಮಾತಾಡಿದಳು. "ಹೊಸ ಪ್ಯಾನಲ್ ಮಾಡಬೇಕಾದರೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಸುಡಬೇಕು. ನಡುವಿನ ಫೋಮು ಪೆಟ್ರೋಲಿಯಮ್ಮಿನದು. ಮತ್ತೆ ಅದು ಲಾರಿ ಹತ್ತಿ ಅಷ್ಟು ದೂರದಿಂದ ಬರಬೇಕು. ಈ ಗೋಡೆಗೆ ಆ ಹೊಗೆಯೆಲ್ಲ ಒಂದು ಸಲ ಆಗಿ ಹೋಗಿದೆ. ಗಟ್ಟಿ ಇರುವುದನ್ನು ಸುಟ್ಟು ಹೊಸದು ತಂದಿದ್ದರೆ ಅಷ್ಟೇ ಹೊಗೆ ಮತ್ತೊಮ್ಮೆ ಆಗುತ್ತಿತ್ತು. ದೀಪಾ ಅವರು ಅದನ್ನು ತಪ್ಪಿಸಿದ್ದಾರೆ." ಚಪ್ಪಾಳೆ ಬಿತ್ತು. ದೀಪಾಳಿಗೆ ಶಾಲು ಹೊದೆಸಿದರು. ಅವಳು ನಾಚಿಕೊಂಡು ಶಾಲನ್ನು ಕೂಡಲೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಸುದರ್ಶನನೂ ಚಪ್ಪಾಳೆ ತಟ್ಟಿದ. ಎಲ್ಲರದೂ ನಿಂತ ಮೇಲೆ ತನ್ನದೊಂದೇ ಕೇಳಬಾರದೆಂದು ಬೇಗ ನಿಲ್ಲಿಸಿದ.

ಜನ ಶರಬತ್ತು ಕುಡಿಯುವಾಗ ಅವನು ಕೋಣೆಯ ಹಿಂಬದಿಗೆ ಹೋದ. ಪಡುವಣಕ್ಕೆ ಮುಖ ಮಾಡಿದ ಎರಡು ಕಿಟಕಿಗಳಿದ್ದವು. ಕತ್ತರಿಸಿದ ಅಂಚಿಗೆ ಬರೇ ಸಿಲಿಕೋನು ಹಚ್ಚಿ, ಮೇಲೆ ಟೇಪು ಅಂಟಿಸಿದ್ದರು. ಅವನು ಅಂಚಿನ ಮೇಲೆ ಬೆರಳಾಡಿಸಿದ. ಟೇಪಿನ ಮೂಲೆ ಆಗಲೇ ಸಡಿಲಾಗಿತ್ತು. ಕಡಲ ಗಾಳಿಗೆ ಓರೆಯಾಗಿ ಬಡಿಯುವ ಜೂನಿನ ಮಳೆಗೆ ಇದು ವಾರವೂ ಬಾಳದು. ನೀರು ಇಳಿದು ಎರಡು ತಗಡಿನ ನಡುವೆ ನಿಲ್ಲುತ್ತದೆ, ಒಳಗಿನಿಂದ ತುಕ್ಕು ಹಿಡಿಯುತ್ತದೆ, ತಗಡು ಫೋಮನ್ನು ಬಿಟ್ಟು ಉಬ್ಬುತ್ತದೆ. ಇದೆಲ್ಲ ಅವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಹಾಗೆ ಗೊತ್ತಾಗುತ್ತಿದ್ದಂತೆ, ಬೆಳಗ್ಗಿನಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದ ಹಾಗಾಯಿತು.

ಅವನು ಬೆರಳು ಒರೆಸಿಕೊಂಡು ಮುಂದೆ ಬಂದ. ದೀಪಾ ಬಾಗಿಲ ಹತ್ತಿರ ನಿಂತಿದ್ದಳು.

"ಹೆಂಗೆ ಆಗ್ಯದೆ?" ಎಂದು ಕೇಳಿದಳು.

"ಚಲೋ ಆತು" ಎಂದ ಸುದರ್ಶನ.

ಅಂದಿನಿಂದ ಅವನು ಮಳೆಗೆ ಕಾಯತೊಡಗಿದ. ಗದ್ದೆ ಇದ್ದವರೂ ಆ ವರ್ಷ ಅಷ್ಟು ಕಾದಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದು ಪಡುವಣದ ಮೋಡ ನೋಡುವನು. ಟಿವಿಯಲ್ಲಿ ಮುಂಗಾರು ಕೇರಳ ಮುಟ್ಟಿತು ಎಂದಾಗ ದನಿ ಜಾಸ್ತಿ ಮಾಡುವನು. ಹೇಗೆ ಆಗಬಹುದು ಎಂದು ಮನಸ್ಸಿನಲ್ಲೇ ಆಡಿಸಿ ನೋಡುತ್ತಿದ್ದ. ಅಕ್ಕೋರ ಫೋನು ಬರುತ್ತದೆ. ದೀಪಾಳ ಮುಖ ಬಾಡುತ್ತದೆ. ಅವಳು ತನ್ನ ಹತ್ತಿರ ಬಂದು, "ಎಂತ ಮಾಡೂದು ಈಗ?" ಎನ್ನುತ್ತಾಳೆ. ತಾನು ಒಂದು ಮಾತೂ ಬೈಯದೆ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹೋಗಿ, ಊರೆಲ್ಲ ನೋಡುತ್ತಿರುವಾಗ ಸರಿಮಾಡಿ ಕೊಡುತ್ತಾನೆ. ಯಾರೋ ಹೇಳುತ್ತಾರೆ, ಎಷ್ಟಂದರೂ ಆಚಾರ್ರ ಕೈ ಎಂದು. ಈ ಕೊನೆಯ ಭಾಗವನ್ನು ಅವನು ಮತ್ತೆ ಮತ್ತೆ ಆಡಿಸಿಕೊಳ್ಳುತ್ತಿದ್ದ.

ಮಳೆ ಬಂತು. ಜೂನಿನಲ್ಲಿ ಒಂದು ವಾರ ಬಿಡದೆ ಹೊಡೆಯಿತು. ಸುದರ್ಶನ ದೀಪಾಳ ಫೋನು ರಿಂಗಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಟ್ಟ. ಬಂದದ್ದು ಬೇರೆ ಫೋನುಗಳು. ಜಾಲಿಯಿಂದ ಒಬ್ಬರು ಮಹಡಿಯ ಮೇಲೆ ಕೋಣೆ ಬೇಕೆಂದರು. ಕತಗಾಲದ ಶಾಲೆಯಿಂದ ಲೈಬ್ರರಿಗೆ ಕೋಣೆ ಆಗುತ್ತದೆಯೇ ಎಂದು ಕೇಳಿದರು. ಹೆಬಳೆಯಿಂದ ಮಾತ್ರ ಏನೂ ಬರಲಿಲ್ಲ. ಒಮ್ಮೆ ತಡೆಯಲಾಗದೆ ಅವನೇ ಕೇಳಿದ.

"ಅಂಗನವಾಡಿಲಿ ಎಲ್ಲ ಸರಿ ಅದ್ಯಾ? ಮಳೆ ಜೋರು ಅಲ್ಲಿ."

"ಸರಿ ಇರ್ಬೇಕು. ಎಂತಕ್ಕೆ?"

"ಸುಮ್ನೆ ಕೇಳಿದೆ."

ಜುಲೈಯಲ್ಲಿ ಭಟ್ಕಳದಲ್ಲಿ ಗಾಜಿನ ಅಳತೆ ಇದೆ ಎಂದು ಹೇಳಿ ಹೊರಟವನು ನೇರ ಹೆಬಳೆಗೆ ಹೋದ. ಮಳೆ ಸುರಿಯುತ್ತಲೇ ಇತ್ತು. ಅಂಗನವಾಡಿಯ ಬಾಗಿಲಿಗೆ ಬಂದಾಗ ಒಳಗೆ ಮಕ್ಕಳು ಹಾಡುತ್ತಿದ್ದವು. ಅಕ್ಕೋರು ತಮ್ಮ ಕೇರಿಯ ಸುಗ್ಗಿಯ ಹಾಡೊಂದನ್ನು ಸಾಲು ಸಾಲಾಗಿ ಹೇಳಿಕೊಡುತ್ತಿದ್ದರು.

"ಬನ್ನಿ ಆಚಾರ್ರೆ! ಒಳಗೆ ಬನ್ನಿ, ನೆನೀಬೇಡಿ" ಎಂದು ಅವರು ಎದ್ದು ಬಂದರು. "ಕೇಳಿದ್ರಾ ಇವ್ರ ಹಾಡು? ಮುಂಚೆ ಮಳೆ ಬಂದ್ರೆ ತಗಡಿನ ಶಬ್ದಕ್ಕೆ ನನ್ನ ಮಾತೇ ನಂಗೆ ಕೇಳ್ತಿರ್ಲಿಲ್ಲ. ಈಗ ನೋಡಿ, ಮಳೆ ಬಂದದ್ದೂ ಗೊತ್ತಾಗೂದಿಲ್ಲ. ದೀಪಂಗೆ ಪುಣ್ಯ ಬರ್ಲಿ."

ಸುದರ್ಶನ ಗೋಡೆ ನೋಡಿದ. ಒಣಗಿತ್ತು. ಕಿಟಕಿಯ ಕೆಳಗೆ ಅಂಗೈ ಇಟ್ಟು ನೋಡಿದ. ಒಣಗಿತ್ತು. ಛತ್ರಿ ಹಿಡಿದು ಹಿಂಬದಿಗೆ ಹೋದ. ಎರಡೂ ಕಿಟಕಿಗಳ ಸುತ್ತ ಅಲ್ಯೂಮಿನಿಯಂ ಪಟ್ಟಿ ಕೂತಿತ್ತು. ಟೇಪು ಇರಲಿಲ್ಲ. ಮೂಲೆಗಳಲ್ಲಿ ಮೇಲಿನ ಪಟ್ಟಿ ಬೆರಳಗಲ ಉದ್ದವಾಗಿ ಕೆಳಗಿನದರ ಮೇಲೆ ಮಡಿಸಿಕೊಂಡಿತ್ತು. ನೀರು ಅದರ ಮೇಲೆ ಬಂದು ಹೊರಗೆ ಜಾರುತ್ತಿತ್ತು.

ಆ ಮಡಿಕೆಯನ್ನು ಗುರುತಿಸಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಇದು ಯಾರು ಹಾಕಿದ್ದು?" ಎಂದು ಕೇಳಿದ, ಗೊತ್ತಿದ್ದೂ.

"ಕುಮಟೆಯಿಂದ ಒಬ್ರು ಬಂದಿದ್ರು, ಶ್ರೀಧರ ಅಂತ. ಮಳೆಗೆ ಸ್ವಲ್ಪ ಮೊದ್ಲು. ದೀಪಾನೇ ಕರ್ಕೊಂಡು ಬಂದಿದ್ಲು. ಚಾ ಕುಡೀತ್ರಾ?"

ಅವನು ಚಹಾ ಕುಡಿಯಲಿಲ್ಲ. ಹೊನ್ನಾವರದವರೆಗೆ ಮಳೆಯಲ್ಲೇ ಬೈಕು ಓಡಿಸಿದ. ಗೋಡೆ ಉಳಿಯಿತಲ್ಲ ಎನ್ನುವ ಸಿಟ್ಟೊಂದು, ಶ್ರೀಧರನ ಕೈ ತನ್ನ ಹೆಂಡತಿಯ ಕೆಲಸದ ಮೇಲೆ ಬಿತ್ತಲ್ಲ ಎನ್ನುವುದೊಂದು. ಅವರಿಬ್ಬರೂ ಒಟ್ಟಿಗೆ ಕೂತು ಅಂಚಿನ ಬಗ್ಗೆ ಮಾತಾಡಿದ್ದು, ಅವನು ಹೇಳಿದ್ದು, ಇವಳು ತಲೆದೂಗಿದ್ದು, ಬಹುಶಃ ನಕ್ಕದ್ದು, ಎಲ್ಲ ಕಣ್ಣಿಗೆ ಕಟ್ಟಿ ಬಂತು. ಶರಾವತಿ ಸೇತುವೆ ದಾಟಿದ್ದೇ ಅವನಿಗೆ ಗೊತ್ತಾಗಲಿಲ್ಲ.

ದೀಪಾ ಕ್ಯಾಬಿನ್ನಿನಲ್ಲಿ ಇದ್ದಳು. ಅವನು ನೀರು ಸುರಿಸುತ್ತ ಬಾಗಿಲಲ್ಲೇ ನಿಂತ.

"ಹೆಬಳೆಗೆ ಹೋಗಿದ್ದೆ."

"ಗೊತ್ತಾತು. ಅಕ್ಕೋರು ಫೋನ್ ಮಾಡಿದ್ರು. ತಲೆ ಒರೆಸ್ಕೊಳ್ಳಿ."

"ಇಡೀ ಜಿಲ್ಲೆಲಿ ನಿಂಗೆ ಅವನೇ ಸಿಕ್ಕಿದ್ನಾ? ನಾ ಸತ್ತಿದ್ನಾ?"

"ನಿಮ್ಮನ್ನೇ ಮೊದ್ಲು ಕೇಳಿದ್ದೆ."

"ಒಂದ್ಸಲ ಎಂತೋ ಅಂದೆ ಅಂತ..."

"ಅದಕ್ಕಲ್ಲ." ದೀಪಾ ದನಿ ಏರಿಸಲಿಲ್ಲ. "ಉದ್ಘಾಟನೆ ದಿನ ನೀವು ಹಿಂದಿನ ಕಿಟಕಿ ಹತ್ರ ಹೋದ್ರಿ. ಅಂಚಿನ ಮೇಲೆ ಬೆರಳು ಆಡ್ಸಿದ್ರಿ. ನಾ ಒಳಗಿಂದ ನೋಡ್ತಿದ್ದೆ. ಈಗ ಬಂದು ಬೈತ್ರಿ ಅಂತ ಕಾದೆ. ನೀವು ಚಲೋ ಆತು ಅಂದ್ರಿ. ಮದ್ವೆ ಆದಾಗಿಂದ ಯಾರ ಕೆಲ್ಸಕ್ಕೂ ನೀವು ಚಲೋ ಆತು ಅಂದದ್ದು ನಾ ಕೇಳಿಲ್ಲ. ಆಗ್ಲೇ ನಂಗೆ ಖಾತ್ರಿ ಆತು, ಎಂತೋ ತಪ್ಪು ಅದೆ ಅಂತ. ಆದ್ರೂ ಬೈಕಲ್ಲಿ ಬರುವಾಗ ಕಾದೆ. ಮರುದಿವ್ಸನೂ ಕಾದೆ. ಮಳೆ ಹತ್ರ ಬಂತು. ಮತ್ತೆ ಯಾರನ್ನ ಕೇಳ್ಲಿ?"

ಸುದರ್ಶನ ಹೇಳಿದ, "ಗೋಡೆ ಎಂತ ಬೀಳ್ತಿರ್ಲಿಲ್ಲ. ತುಕ್ಕು ಹಿಡಿದು ಬಿಡೂಕೆ ಮೂರ್ನಾಲ್ಕು ವರ್ಷ ಬೇಕು."

"ಅಷ್ಟೂ ಅಂದಾಜಿತ್ತು ಹಂಗಾರೆ ನಿಮ್ಗೆ."

ಅದನ್ನು ಹೇಳಬಾರದಿತ್ತು ಎಂದು ಅವನಿಗೆ ಹೊಳೆಯುವಾಗ ತಡವಾಗಿತ್ತು. ದೀಪಾ ಎದ್ದು ಟವೆಲು ತಂದು ಅವನ ಕೈಗೆ ಕೊಟ್ಟಳು.

"ನಂಗೂ ಹೊಟ್ಟೆಕಿಚ್ಚು ಇತ್ತು ಗೊತ್ತದ್ಯಾ" ಎಂದಳು. "ಅಳತೆ ನಾ ತರ್ತಿದ್ದೆ. ಒಂದು ನೂಲೂ ಹೆಚ್ಚುಕಮ್ಮಿ ಆಗದಂಗೆ ತರ್ತಿದ್ದೆ. ಜನ ಬಂದು ನಿಮ್ಮ ಕಿಟಕಿ ಹೊಗ್ಳಿ ಹೋಗ್ತಿದ್ರು, ಒಳಗೆ ಕೂತವ್ಳ ಹತ್ರ ನೀರು ಕೇಳ್ತಿದ್ರು. ನಾನೂ ಇಲ್ಲೇ ಕೂತು ಕುದೀತಿದ್ದೆ. ಆದ್ರೆ ಒಂದು ದಿನವೂ ತಪ್ಪು ಅಳತೆ ಕೊಟ್ಟು ನಿಮ್ಮ ಕಿಟಕಿ ಹಾಳಾಗ್ಲಿ ಅಂತ ಕಾಯ್ಲಿಲ್ಲ."

ಅಷ್ಟು ಹೇಳಿ ಅವಳು ಮನೆಗೆ ಹೋದಳು. ಸುದರ್ಶನ ಟವೆಲು ಹಿಡಿದುಕೊಂಡು ಆ ತಂಪು ಕ್ಯಾಬಿನ್ನಿನಲ್ಲಿ ಕೂತ. ಅಳತೆ ತರುವುದು ಹೊಟ್ಟೆಕಿಚ್ಚು ಹುಟ್ಟುವಂಥ ಕೆಲಸ ಎಂದು ಅವನಿಗೆ ಅಂದಿನವರೆಗೆ ಅನಿಸಿಯೇ ಇರಲಿಲ್ಲ.

ಅವನು ಕ್ಷಮೆ ಕೇಳಲಿಲ್ಲ. ಕೇಳುವ ಅಭ್ಯಾಸವೇ ಇರಲಿಲ್ಲ. ಚೌತಿ ಕಳೆಯುವವರೆಗೂ ಇಬ್ಬರ ನಡುವೆ ಊಟ, ಕರೆಂಟು ಬಿಲ್ಲು, ಮಗಳ ಪರೀಕ್ಷೆಯ ಮಾತಷ್ಟೇ. ದೀಪಾ ತನ್ನ ಕೆಲಸ ನಿಲ್ಲಿಸಲಿಲ್ಲ. ಕುಮಟೆಯಲ್ಲಿ ಒಂದು ಹಳೆಯ ಶೋರೂಮು ಬಿಚ್ಚುವವರಿದ್ದರು. ಅದರ ಒಳಗೋಡೆಯ ಪ್ಯಾನಲ್ಲುಗಳನ್ನು ತಂದು ಕತಗಾಲದ ಶಾಲೆಗೆ ಲೈಬ್ರರಿ ಕಟ್ಟಿಕೊಡುವುದಾಗಿ ಅವಳು ಒಪ್ಪಿದ್ದಳು. ಅಂಚಿನ ಕೆಲಸಕ್ಕೆ ಶ್ರೀಧರನಿಗೇ ಹೇಳಿದ್ದಳು. ಅದನ್ನು ಗಂಡನಿಂದ ಮುಚ್ಚಿಡಲೂ ಇಲ್ಲ.

ಹೊರಡುವ ಬೆಳಿಗ್ಗೆ ಅವಳು ಬಾಡಿಗೆಯ ಪಿಕಪ್ ಹತ್ತಲು ಬಂದಾಗ ಹಿಂದೆ ಸುದರ್ಶನನ ಉಪಕರಣದ ಪೆಟ್ಟಿಗೆ ಇತ್ತು. ಮುಂದೆ ಸುದರ್ಶನ ಕೂತಿದ್ದ.

"ಎಲ್ಲಿಗೆ?" ಎಂದಳು.

"ಕಿಟಕಿ ಯಾರು ಮಾಡೂದು ಅಲ್ಲಿ? ಅವನಿಗೆ ಅಂಚು ಬಿಟ್ರೆ ಬೇರೆ ಎಂತ ಬತ್ತದೆ?"

ದೀಪಾ ಹತ್ತಿ ಪಕ್ಕದಲ್ಲಿ ಕೂತಳು.

ಶೋರೂಮಿನಲ್ಲಿ ಶ್ರೀಧರ ಆಗಲೇ ಏಣಿ ಹತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ಇಷ್ಟು ಹತ್ತಿರದಿಂದ ಅವನನ್ನು ನೋಡದೆ ಎಷ್ಟು ವರ್ಷವಾಯಿತೆಂದು ಸುದರ್ಶನನಿಗೆ ಲೆಕ್ಕ ಸಿಗಲಿಲ್ಲ. ಕೆಳಗೆ ನಿಂತು ಒಂದು ಕ್ಷಣ ಮೇಲೆ ನೋಡಿದ.

"ಆ ಸ್ಕ್ರೂ ಮೊದ್ಲು ತೆಗೀಬೇಡ" ಎಂದ. "ಕೆಳಗಿಂದ ಬಿಚ್ಕೊಂಡು ಬಾ. ಮೇಲಿಂದು ತೆಗೆದ್ರೆ ತಗಡು ಬಗ್ತದೆ."

"ಗೊತ್ತು ಮಾರಾಯ" ಎಂದ ಶ್ರೀಧರ. ಆದರೆ ಏಣಿಯಿಂದ ಇಳಿದು ಕೆಳಗಿನಿಂದಲೇ ಸುರು ಮಾಡಿದ.

ಕತಗಾಲದ ಕೆಲಸ ಡಿಸೆಂಬರಿನಲ್ಲಿ ಮುಗಿಯಿತು. ಅಷ್ಟು ದಿನವೂ ಇಬ್ಬರು ಗಂಡಸರು ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಪ್ಪು ಹುಡುಕುತ್ತಲೇ ಇದ್ದರು. ಹುಡುಕಿದ್ದನ್ನು ಕೂಡಲೇ, ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ದೀಪಾ ಇಬ್ಬರದೂ ಕೇಳಿ, ಸರಿ ಕಂಡದ್ದನ್ನು ಮಾಡಿಸುತ್ತಿದ್ದಳು. ಒಮ್ಮೆ ಬಾಗಿಲ ಚೌಕಟ್ಟು ಒಂದು ಬದಿಗೆ ಜಗ್ಗಿದೆ ಎಂದು ಸುದರ್ಶನ ತೋರಿಸಿದಾಗ ಅದನ್ನು ಪೂರ್ತಿ ತೆಗೆಸಿ ಮತ್ತೆ ಕೂರಿಸಿದಳು. ತೋರಿಸಿದ್ದಕ್ಕೆ ಥ್ಯಾಂಕ್ಸ್ ಹೇಳಲಿಲ್ಲ. ಆದರೆ ಅಂದು ಚಹಾ ಬಂದಾಗ ಮೊದಲ ಲೋಟ ಅವನ ಕೈಗೆ ಕೊಟ್ಟಳು.

ಮಕ್ಕಳು ಪುಸ್ತಕ ಜೋಡಿಸುವಾಗ ಮುಖ್ಯಾಧ್ಯಾಪಕಿ ಸುಮತಿ ಕಿಟಕಿಯನ್ನು ಎರಡು ಸಲ ಸರಿಸಿ ನೋಡಿ ಕೇಳಿದರು, "ಎಷ್ಟು ಹಗುರಕ್ಕೆ ಓಡ್ತು ನೋಡಿ! ಯಾರು ಮಾಡಿದ್ದು ಇದು?"

"ನಮ್ಮನೆಯವ್ರು" ಎಂದಳು ದೀಪಾ, ಗಂಡನ ಕಡೆ ಕೈ ತೋರಿಸಿ. ಆ ಕಿಟಕಿಯದು ಶೋರೂಮಿನಿಂದಲೇ ಬಂದ ಹಳೆಯ ಚೌಕಟ್ಟು. ಸುದರ್ಶನ ಅದನ್ನು ಕತ್ತರಿಸಿ ಹೊಸ ಅಳತೆಗೆ ಕೂಡಿಸಿದ್ದ. ಹಳೆ ಸಾಮಾನಿಗೆ ಅವನು ಕೈ ಹಚ್ಚಿದ್ದು ಅದೇ ಮೊದಲು. ಅವನು ಕತ್ತು ನೆಟ್ಟಗೆ ಮಾಡಿ ನಿಂತ. "ಸುತ್ತ ಪಟ್ಟಿ ಹಾಕಿದ್ದು ಶ್ರೀಧರಣ್ಣ" ಎಂದು ದೀಪಾ ಅದೇ ಉಸಿರಿನಲ್ಲಿ ಸೇರಿಸಿದಳು. ಸುಮತಿ ಪಟ್ಟಿಯ ಕಡೆಗೆ ಬಗ್ಗಿದರು. ಕಿಟಕಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು ಎಂದು ಸುದರ್ಶನನಿಗೆ ಅನಿಸಿತು.

ಕುಮಟೆಯಲ್ಲಿ ಶ್ರೀಧರ ಇಳಿದುಕೊಂಡ. ಪಿಕಪ್ಪು ಹೊನ್ನಾವರದ ಕಡೆ ತಿರುಗಿದ ಮೇಲೂ ಸುದರ್ಶನ ಮುಖ ಗಂಟಿಕ್ಕಿಕೊಂಡೇ ಕೂತಿದ್ದ. ಸಂಜೆಯ ಬಿಸಿಲು ಓರೆಯಾಗಿ ಮುಖಕ್ಕೆ ಬೀಳುತ್ತಿತ್ತು.

"ಎಂತ ಆತು?" ಎಂದಳು ದೀಪಾ.

"ಎಂತ ಇಲ್ಲ."

"ಅವನ ಹೆಸ್ರು ಹೇಳಿದ್ದಕ್ಕಾ?"

ಅವನು ಪಿಕಪ್ಪಿನ ಕಿಟಕಿಯ ಗಾಜು ಏರಿಸಿದ, ಮತ್ತೆ ಇಳಿಸಿದ.

"ಹೌದು" ಎಂದ ಕೊನೆಗೆ. "ಅವಂದು ಹೇಳಿದ್ದಕ್ಕೂ ಹೌದು, ನಿನ್ನ ಕೆಲ್ಸ ಅಂತ ಎಲ್ಲರೂ ಅಂಬೂದಕ್ಕೂ ಹೌದು. ಎದೆ ಉರೀತದೆ. ಎಂತ ಮಾಡ್ಲಿ ಹೇಳು, ಹೋಗೂದಿಲ್ಲ ಅದು."

ದೀಪಾಳಿಗೆ ನಗು ಬಂತು. ತಡೆದುಕೊಂಡಳು. ಇಷ್ಟು ವರ್ಷದಲ್ಲಿ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅವಳು ಕೇಳಿರಲಿಲ್ಲ.

"ಇರ್ಲಿ ಬಿಡಿ" ಎಂದಳು. "ನಾಳೆ ಜಾಲಿಗೆ ಹೋಗೂದದೆ. ಅಲ್ಲಿ ಮೆಟ್ಲು ಹತ್ರ ಪ್ಯಾನಲ್ಲು ತಿರುಗೂಕೆ ಜಾಗ ಸಾಲೂದಿಲ್ಲ ಅಂತ ನಂಗೆ ಅನುಮಾನ. ನೀವು ಒಮ್ಮೆ ನೋಡ್ಬೇಕು."

"ಎಷ್ಟು ಅಗಲ ಅದೆ ಮೆಟ್ಲು?" ಎಂದು ಕೇಳಿದ ಸುದರ್ಶನ.